ಕಂಟ್ರೋಲ್, ಶಿಫ್ಟ್, ಹ

ನಮ್ಮೂರಿನಲ್ಲಿ ಸೋಮವಾರ ಮಧ್ಯಾಹ್ನ ಹನ್ನೆರಡರ ತನಕ ಯಾರೂ ತಮ್ಮ ಮನೆಯ ಕೀಬೋರ್ಡ್ ಮುಟ್ಟುವುದಿಲ್ಲ. ಮಡಿ ಮೈಲಿಗೆ ಏನೂ ಅಲ್ಲ, ಭಯ ಅಷ್ಟೆ. ಬ್ರೌಸರ್ ತೆರೆದು ಮೇಲಿನ ಮೂಲೆಯ ಮೂರು ಚುಕ್ಕೆ ಒತ್ತಿದರೆ ಮೆನು ಇಳಿಯುತ್ತದಲ್ಲ, ಹೊಸ ಟ್ಯಾಬ್, ಇತಿಹಾಸ, ಮುದ್ರಿಸು ಅಂತ, ಒಂದೊಂದರ ಬಲಕ್ಕೂ ಅದರ ಶಾರ್ಟ್‌ಕಟ್ ಬರೆದಿರುತ್ತದಲ್ಲ, ಅದು ಎಲ್ಲ ಊರಿನಲ್ಲೂ ಇರುವಂಥದ್ದೇ. ನಮ್ಮಲ್ಲಿ ಅದೆಲ್ಲ ಮುಗಿದ ಮೇಲೆ ಒಂದು ತೆಳು ಗೆರೆ ಬರುತ್ತದೆ, ಗೆರೆಯ ಕೆಳಗೆ ಇನ್ನೊಂದು ಸಾಲು. ಸೋಮವಾರ ಬೆಳಿಗ್ಗೆ ಬಂದು ಹನ್ನೆರಡಕ್ಕೆ ಹೊರಟುಹೋಗುತ್ತದೆ. ಅದರ ಬಲಕ್ಕೂ ಶಾರ್ಟ್‌ಕಟ್ ಇರುತ್ತದೆ, ಕೊನೆಯ ಅಕ್ಷರ ಕನ್ನಡದ್ದು. ಅದನ್ನು ಒತ್ತಿದರೆ ಊರಿನಲ್ಲಿ ಹಾಗೆಯೇ ಆಗುತ್ತದೆ.

ಒಂದು ವಾರ ‘ಮೇಲಿನ ಟ್ಯಾಂಕ್ ತುಂಬಿಸು’ ಅಂತ ಬಂದಿತ್ತು, ಒತ್ತಿದೆವು, ತುಂಬಿತು. ಇನ್ನೊಂದು ವಾರ ‘ಎಲ್ಲರ ಚಪ್ಪಲಿ ನೇರ ಮಾಡು’. ಒತ್ತಿ ಹೊರಗೆ ಬಂದು ನೋಡಿದರೆ ಊರಿಗೂರೇ ಮಿಲಿಟರಿ ಕ್ಯಾಂಪಿನ ಹಾಗೆ, ಪ್ರತಿ ಮನೆಯ ಬಾಗಿಲಲ್ಲೂ ಚಪ್ಪಲಿಗಳು ಜೋಡಿ ಜೋಡಿಯಾಗಿ ನಿಂತಿದ್ದವು. ‘ಬೆಕ್ಕನ್ನು ಇಳಿಸು’ ಅಂತ ಬಂದ ವಾರ ಯಾವ ಬೆಕ್ಕು ಅಂತ ಗೊತ್ತಾಗಲಿಲ್ಲ, ಎಲ್ಲ ಬೆಕ್ಕುಗಳೂ ಇಳಿದವು, ಕೆಲವು ಎರಡು ದಿನ ಸಿಟ್ಟಿನಲ್ಲಿ ಅನ್ನ ಮುಟ್ಟಲಿಲ್ಲ. ಹೀಗೆ ಬದುಕಿ ಅಭ್ಯಾಸವಾಗಿಬಿಟ್ಟಿದೆ. ಸೋಮವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಹಪ್ಪಳ ಒಣಹಾಕುವುದಿಲ್ಲ, ಕ್ಷೌರಕ್ಕೆ ಕೂರುವುದಿಲ್ಲ.

ಒತ್ತುವುದೋ ಬಿಡುವುದೋ ಅಂತ ತೀರ್ಮಾನಿಸಲು ಒಂದು ಮೆನು ಕಮಿಟಿ ಇದೆ. ರೇಷ್ಮೆ ಇಲಾಖೆಯಿಂದ ನಿವೃತ್ತರಾದ ಬೋರಲಿಂಗಯ್ಯನವರು ಅದರ ಅಧ್ಯಕ್ಷರು. ಹಿಂದೊಮ್ಮೆ ಒಬ್ಬನೇ ಮನುಷ್ಯ ಮೆನು ಓದಿ, ಒಬ್ಬನೇ ಒತ್ತಿ, ಸಾಲಿನಲ್ಲಿ ಏನಿತ್ತು ಅಂತ ಊರಿಗೆ ಸುಳ್ಳು ಹೇಳಿ, ಪಕ್ಕದ ಮನೆಯ ಹಲಸಿನ ಮರವನ್ನು ತನ್ನ ಹಿತ್ತಿಲಿಗೆ ದಾಟಿಸಿಕೊಂಡ. ಆಮೇಲೆ ಕಮಿಟಿ ನಿಯಮ ಮಾಡಿತು: ಓದುವವರು ಬೇರೆ, ಒತ್ತುವವರು ಬೇರೆ. ಓದುವವರ ಮುಂದೆ ಕೀಬೋರ್ಡ್ ಇರಬಾರದು, ಒತ್ತುವವರ ಮುಂದೆ ಪರದೆ ಇರಬಾರದು. ಅದಕ್ಕೆ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಿಗದಿಯಾಯಿತು. ಹಾಲ್‌ನಲ್ಲಿ ಕಂಪ್ಯೂಟರ್, ಗೋಡೆಗೆ ತೂತು ಕೊರೆದು ಕೀಬೋರ್ಡಿನ ವೈರನ್ನು ಹಿಂದಿನ ಕೋಣೆಗೆ ತೂರಿಸಿದೆವು. ಹಳೆಯ ಟೈಪ್‌ರೈಟರುಗಳನ್ನು ಪೇರಿಸಿಟ್ಟ ಕತ್ತಲೆ ಕೋಣೆ ಅದು. ಓದುವವರು ತೂತಿನ ಹತ್ತಿರ ಬಾಯಿಟ್ಟು ಕೀಲಿಯ ಹೆಸರನ್ನು ಮೂರು ಸಲ ಹೇಳಬೇಕು, ಬೇರೆ ಒಂದು ಶಬ್ದ ಆಡುವಂತಿಲ್ಲ. ಒತ್ತುವವರು ಕೇಳಿಸಿತು ಅಂತ ಗೋಡೆಗೆ ಒಂದು ಸಲ ಕುಟ್ಟಬೇಕು. ಆಗ ‘ಒತ್ತು’ ಅನ್ನಬೇಕು. ಮುಗಿಯಿತು.

ಓದುವವಳು ನಾನು, ವಿಶಾಲಾಕ್ಷಮ್ಮ. ಒತ್ತುವವಳು ನನ್ನ ತಂಗಿ ಹೊಂಬಾಳೆ. ನೋಡದೆ ಟೈಪ್ ಮಾಡಬಲ್ಲವರು ಊರಿನಲ್ಲಿ ನಾವಿಬ್ಬರೇ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ಬೋರಲಿಂಗಯ್ಯನವರು ಸಭೆಯಲ್ಲೇ ಹೇಳಿದರು. “ಅಕ್ಕ ತಂಗಿಗೆ ಮಾತಿಲ್ಲ ಕತೆಯಿಲ್ಲ. ಮಾತಾಡದ ಇಬ್ಬರು ಸೇರ್ಕಂಡು ಮೋಸ ಮಾಡಕ್ಕಾಯ್ತದಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಮಾತು ನಿಂತಿದ್ದು ನನ್ನಿಂದಲೇ. ನಾವು ಹುಟ್ಟಿ ಬೆಳೆದ ಮನೆಯಲ್ಲಿ ‘ಹ’ ಅನ್ನುವ ಅಕ್ಷರವೇ ಇರಲಿಲ್ಲ. ಅವ್ವ ಕರೆಯುತ್ತಿದ್ದುದು ಆಲು, ಕೊಡುತ್ತಿದ್ದುದು ಅಣ್ಣು, ಬೈಯುತ್ತಿದ್ದುದು ಅಂದಿ ಅಂತ. ಹೊಂಬಾಳೆ ಅಂತ ಹೆಸರಿಟ್ಟವಳೂ ಅವಳೇ, ಸಾಯುವ ತನಕ ಕರೆದಿದ್ದು ‘ಒಂಬಾಳಿ’ ಅಂತ. ಅನ್ನ ಮಾಡುವ ಅಕ್ಕಿಗೂ ಹಾರುವ ಹಕ್ಕಿಗೂ ನಮ್ಮಲ್ಲಿ ಒಂದೇ ಹೆಸರು. “ಅವ್ವಾ, ಅಂಗಳದಾಗೆ ಅಕ್ಕಿ” ಅಂತ ಕೂಗಿದರೆ “ಯಾವ ಅಕ್ಕಿ? ಉಣ್ಣೋ ಅಕ್ಕಿನೋ, ಆರೋ ಅಕ್ಕಿನೋ?” ಅಂತ ಒಳಗಿನಿಂದ ಕೇಳುತ್ತಿದ್ದಳು. ಅಷ್ಟರಲ್ಲಿ ಆರೋ ಅಕ್ಕಿ ಬಂದು ಉಣ್ಣೋ ಅಕ್ಕಿಯನ್ನು ಮುಗಿಸಿರುತ್ತಿತ್ತು. ಆ ಮನೆಯಲ್ಲಿ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ.

ಕಡಿಮೆಯಾಗಿದ್ದು ನನಗೆ, ಹೈಸ್ಕೂಲಿಗೆ ಹೋದ ಮೇಲೆ. ‘ಹಸು’ ಅನ್ನಲು ಹೋಗಿ ‘ಅಸು’ ಅಂದಾಗ ಇಡೀ ಕ್ಲಾಸು ನಕ್ಕಿತು. ಅವತ್ತಿನಿಂದ ಕನ್ನಡಿ ಮುಂದೆ ನಿಂತು, ಬಾಯಿಗೆ ಅಂಗೈ ಅಡ್ಡ ಹಿಡಿದು ಅಭ್ಯಾಸ ಮಾಡಿದೆ. ಅಂಗೈಗೆ ಬಿಸಿ ಉಸಿರು ತಾಗಿದರೆ ‘ಹ’, ತಾಗದಿದ್ದರೆ ‘ಅ’. ಎರಡು ವರ್ಷ ಹಿಡಿಯಿತು. ಕಲಿತ ಮೇಲೆ ನಾನು ಅವ್ವನ ಜೊತೆ ಜನರೆದುರು ಮಾತಾಡುವುದನ್ನೇ ಕಡಿಮೆ ಮಾಡಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಹೊಂಬಾಳೆ ಕಲಿಯಲಿಲ್ಲ. ಅವಳಿಗೆ ಬೇಕೆನಿಸಲೂ ಇಲ್ಲ. ಬೆರಳು ಮಾತ್ರ ಅವಳದು ಚಿನ್ನ. ಎಡಗೈ ಕಿರುಬೆರಳಿಗೆ ‘ಅ’, ಬಲಗೈ ತೋರುಬೆರಳಿಗೆ ‘ಹ’, ಯಾವತ್ತೂ ತಪ್ಪಿದವಳಲ್ಲ. ಬಾಯಿಗೆ ಬಾರದ್ದು ಬೆರಳಿಗೆ ಬರುತ್ತಿತ್ತು. ಆರು ವರ್ಷದ ಹಿಂದೆ ಇನ್‌ಸ್ಟಿಟ್ಯೂಟಿನ ವಾರ್ಷಿಕೋತ್ಸವದಲ್ಲಿ ಕೇಳಿ ಟೈಪ್ ಮಾಡುವ ಸ್ಪರ್ಧೆ ಇಟ್ಟಿದ್ದೆ. ನನ್ನ ಗಂಟಲು ಕಟ್ಟಿತ್ತು, ಓದಲು ಅವಳನ್ನು ನಿಲ್ಲಿಸಿದೆ. ‘ಹಳೆಯ ಹಾದಿಯ ಪಕ್ಕ ಹರಿಯುವ ಹಳ್ಳ’ ಅಂತ ಇದ್ದದ್ದನ್ನು ಅವಳು ‘ಅಳೆಯ ಆದಿಯ ಪಕ್ಕ ಅರಿಯುವ ಅಳ್ಳ’ ಅಂತ ಮೈಕಿನಲ್ಲಿ ಓದಿದಳು. ನನ್ನ ವಿದ್ಯಾರ್ಥಿಗಳು ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡುವವರು, ಹಾಗೇ ಮಾಡಿದರು. ಮುಖ್ಯ ಅತಿಥಿಯಾಗಿ ಬಂದಿದ್ದ ಬೋರಲಿಂಗಯ್ಯನವರು ಹಾಳೆ ಎತ್ತಿಕೊಂಡು ಓದಿ ಓದಿ ನಕ್ಕರು. ಸಭೆ ನಕ್ಕಿತು. ನನಗೆ ಮತ್ತೆ ಆ ಹೈಸ್ಕೂಲು ಕ್ಲಾಸಿನಲ್ಲಿ ನಿಂತ ಹಾಗಾಯಿತು. ಮೈಕ್ ಕಿತ್ತುಕೊಂಡು ಎಲ್ಲರ ಮುಂದೆ ಅಂದೆ: “ನಿನಗೆ ಹ ಬರೋ ತನಕ ಬಾಯಿ ಮುಚ್ಚಿಕೊಂಡಿರು, ಹೊಂಬಾಳೆ.”

ಅವಳು ಮುಚ್ಚಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನನ್ನ ಮಾತು ಎಲ್ಲಿಗೂ ಹೋಗಲಿಲ್ಲ, ನಮ್ಮ ಮನೆಯಲ್ಲೇ ಮೂರನೆಯವರ ಹಾಗೆ ಆರು ವರ್ಷ ಕೂತಿತ್ತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಮೆಹರುನ್ನೀಸಾ ಜೊತೆ ಅವಳು ಚೆನ್ನಾಗಿ ಮಾತಾಡುತ್ತಾಳೆ, ತರಕಾರಿಯವಳ ಜೊತೆ ಜಗಳವಾಡುತ್ತಾಳೆ, ಬಚ್ಚಲಲ್ಲಿ ಹಾಡುತ್ತಾಳೆ. ಅವಳ ಬಾಯಲ್ಲಿ ಅದು ‘ಆಡುವುದು’. ನಾನು ಬಾಗಿಲಿಗೆ ಬಂದ ತಕ್ಷಣ ನಿಲ್ಲಿಸುತ್ತಾಳೆ. ನನಗೆ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಹಾಲಿನ ಪಾತ್ರೆಯ ಮುಚ್ಚಳದ ಮೇಲಿಡುತ್ತಾಳೆ. ‘ಹಾಲಿಗೆ ಹೆಪ್ಪು ಹಾಕಿದ್ದೇನೆ.’ ‘ಹಿತ್ತಿಲ ಬಾಗಿಲು ಹಾಕಿಲ್ಲ.’ ಚೀಟಿಯಲ್ಲಿ ಒಂದು ‘ಹ’ ತಪ್ಪಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಒಂದೂ ತಪ್ಪುತ್ತಿರಲಿಲ್ಲ. ನಾನು ಕ್ಷಮೆ ಕೇಳಲಿಲ್ಲವೇ? ಕೇಳಿದೆ, ಎರಡು ಸಲ. ಎರಡು ಸಲವೂ ಶುದ್ಧ ಕನ್ನಡದಲ್ಲಿ ಕೇಳಿದೆ. ಅವಳು ಸುಮ್ಮನೆ ನೋಡಿ ಸೊಪ್ಪು ಬಿಡಿಸುವುದನ್ನು ಮುಂದುವರಿಸಿದಳು.

ಹೋದ ಸೋಮವಾರ ಮೆನು ಇಳಿಸಿದೆ. ಗೆರೆಯ ಕೆಳಗೆ ಮೊದಲ ಸಲ ಎರಡು ಸಾಲುಗಳಿದ್ದವು. ‘ಮುಚ್ಚಿದ್ದನ್ನು ಮತ್ತೆ ತೆರೆ’, ಅದರ ಬಲಕ್ಕೆ ಕಂಟ್ರೋಲ್, ಶಿಫ್ಟ್, ಹ. ‘ಉಳಿದದ್ದನ್ನೆಲ್ಲ ಮುಚ್ಚು’, ಅದರ ಬಲಕ್ಕೆ ಕಂಟ್ರೋಲ್, ಶಿಫ್ಟ್, ಅ.

ಇಂಥವು ಟ್ಯಾಬುಗಳಿಗೆ ಎಲ್ಲ ಊರಿನಲ್ಲೂ ಇವೆ, ನಾನೇ ಪಾಠ ಮಾಡಿದ್ದೇನೆ. ಆದರೆ ಗೆರೆಯ ಕೆಳಗೆ ಟ್ಯಾಬು ಅನ್ನುವ ಮಾತೇ ಇರಲಿಲ್ಲ. ಬೋರಲಿಂಗಯ್ಯನವರು ಓದಿಸಿಕೊಂಡು ಕುರ್ಚಿಯಿಂದ ಎದ್ದರು. ಹಾಲ್ ತುಂಬ ಗುಸುಗುಸು ಶುರುವಾಯಿತು. ಊರಿನಲ್ಲಿ ಮುಚ್ಚಿಹೋದದ್ದು ಒಂದೇ ಎರಡೇ? ವಾಚನಾಲಯ ಮುಚ್ಚಿದೆ, ಟಾಕೀಸು ಮುಚ್ಚಿದೆ, ಹೆಂಗಸರ ಸೇವಾ ಸಂಘದ ಹೊಲಿಗೆ ಕೇಂದ್ರ ಮುಚ್ಚಿದೆ. ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಪಾರ್ಶ್ವನಾಥಯ್ಯ, ಈಗ ಕೋಳಿಮೊಟ್ಟೆ ಮಾರುವವರು, ಇಸ್ತ್ರಿ ಶರ್ಟು ಹಾಕಿಕೊಂಡು ಬರುತ್ತೇನೆ ಅಂತ ಮನೆಗೆ ಓಡಿದರು.

“ಒಂದು ಮಾತು,” ಅಂದೆ. “ಈ ಕೀಲಿಯ ಗುಣ ನನಗೆ ಗೊತ್ತು. ಎಲ್ಲವನ್ನೂ ತೆರೆಯಲ್ಲ. ಕೊನೆಗೆ ಮುಚ್ಚಿದ್ದು ಯಾವುದೋ ಅದೊಂದನ್ನೇ ತೆರೆಯುತ್ತೆ.”

“ಹಂಗಾದ್ರೆ ವಾಚನಾಲಯನೇ. ಹೋದ ತಿಂಗಳು ತಾನೇ ಮುಚ್ಚಿದ್ದು,” ಅಂದರು ಬೋರಲಿಂಗಯ್ಯನವರು.

“ನಮ್ಮ ಹೊಲಿಗೆ ಸೆಂಟರ್ ಆಮೇಲೆ ಮುಚ್ಚಿದ್ದು,” ಅಂದಳು ಮೆಹರುನ್ನೀಸಾ. “ಮಿಷೀನೆಲ್ಲ ಒಳಗೇ ಅವೆ, ಬೀಗದ ಕೈ ಯಾರತ್ರ ಐತೋ ದೇವರಿಗೇ ಗೊತ್ತು.”

“ಇನ್ನೊಂದು ಸಾಲಿನ ಕತೆ ಏನು? ತಪ್ಪಿ ಅದನ್ನೊತ್ತಿದ್ರೆ?” ಯಾರೋ ಹಿಂದಿನಿಂದ ಕೇಳಿದರು. ಉಳಿದದ್ದೆಲ್ಲ ಅಂದರೆ ಏನೇನು? ಅಂಗಡಿ, ಆಸ್ಪತ್ರೆ, ನಲ್ಲಿ, ಕಿಟಕಿ. ಒಬ್ಬರು ಕಣ್ಣು ಅಂದರು. ಇನ್ನೊಬ್ಬರು ಮೂಗು ಅಂದರು, ಅಂದವರೇ ಮೂಗು ಮುಟ್ಟಿ ನೋಡಿಕೊಂಡರು. ಬಿಟ್ಟುಬಿಡೋಣ ಅಂತ ಅರ್ಧ ಜನ. ಬೋರಲಿಂಗಯ್ಯನವರು ನನ್ನ ಕಡೆ ತಿರುಗಿದರು. “ಆರು ವರ್ಷದಾಗೆ ಮೇಡಮ್ಮೋರು ಒಂದಕ್ಷರ ತಪ್ಪು ಹೇಳಿಲ್ಲ. ಅವರಷ್ಟು ಸ್ವಚ್ಛವಾಗಿ ಹ ಅನ್ನೋರು ಈ ಊರಾಗೆ ಯಾರಿದ್ದಾರೆ ಹೇಳಿ?” ಕೈ ಎತ್ತಿಸಿದರು. ಒತ್ತಬೇಕು ಅಂತ ಆಯಿತು.

ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಅವರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ನನಗೆ ವಾಚನಾಲಯ ಬೇಕಿರಲಿಲ್ಲ. ಹೊಂಬಾಳೆಯ ಬಾಯಿ ಆರು ವರ್ಷದ ಹಿಂದೆ ಒಂದೇ ಸಲ ಮುಚ್ಚಿದ್ದಲ್ಲ. ಅದು ನನ್ನನ್ನು ಕಂಡಾಗಲೆಲ್ಲ ಹೊಸದಾಗಿ ಮುಚ್ಚುತ್ತದೆ. ಅವತ್ತು ಬೆಳಿಗ್ಗೆ ಹಿಂದಿನ ಕೋಣೆಗೆ ಹೋಗುವಾಗ ಮೆಹರುನ್ನೀಸಾಗೆ ಏನೋ ಹೇಳುತ್ತಿದ್ದವಳು ನನ್ನನ್ನು ನೋಡಿ ಅರ್ಧಕ್ಕೇ ತುಟಿ ಕೂಡಿಸಿದ್ದಳು. ಗಡಿಯಾರ ನೋಡಿದ್ದೆ, ಹತ್ತಕ್ಕೆ ಐದು ನಿಮಿಷ. ಅದಾದ ಮೇಲೆ ಊರಿನಲ್ಲಿ ಬೇರೆ ಏನೂ ಮುಚ್ಚಿರಲಾರದು ಅಂತ ನಾನು ಲೆಕ್ಕ ಹಾಕಿದೆ. ಕೊನೆಗೆ ಮುಚ್ಚಿದ್ದು ಅದೇ ಆಗಿದ್ದರೆ ತೆರೆಯುವುದೂ ಅದೇ. ನನ್ನ ಕೈಯಲ್ಲಿ ಆಗದ್ದನ್ನು ಒಂದು ಕೀಲಿ ಮಾಡಿಬಿಡಲಿ ಅನ್ನುವ ಆಸೆ. ದುರಾಸೆ ಅಂದರೂ ಸರಿ.

ಪರದೆಯ ಮೇಲಿನ ಸಾಲನ್ನು ಇನ್ನೊಮ್ಮೆ ನೋಡಿ ತೂತಿನ ಹತ್ತಿರ ಬಗ್ಗಿದೆ. ಆಚೆ ಕತ್ತಲು, ತುಕ್ಕಿನ ಮತ್ತು ಮೆಷಿನ್ ಎಣ್ಣೆಯ ವಾಸನೆ, ಅದರೊಳಗೆ ಅವಳು ಮುಡಿದ ಮರುಗದ ವಾಸನೆ. ಯಾವತ್ತಿನ ಅಭ್ಯಾಸದಂತೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡೆ.

“ಕಂಟ್ರೋಲ್. ಶಿಫ್ಟ್. ಅ.”

ಅಂಗೈಗೆ ಏನೂ ತಾಗಲಿಲ್ಲ.

ನನಗೇ ನಂಬಿಕೆಯಾಗಲಿಲ್ಲ. ಎದೆ ತುಂಬ ಉಸಿರು ಎಳೆದು ಮತ್ತೆ ಹೇಳಿದೆ. “ಕಂಟ್ರೋಲ್. ಶಿಫ್ಟ್. ಅ.” ಉಸಿರು ಎದೆಯಲ್ಲೇ ಇತ್ತು, ಮೇಲೆ ಬರಲೊಲ್ಲದು. ನಲವತ್ತು ವರ್ಷ ಜೊತೆಗಿದ್ದ ಅಕ್ಷರ, ಬೇಕಾದ ಗಳಿಗೆಯಲ್ಲಿ ಕೈ ಬಿಟ್ಟುಹೋಗಿತ್ತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತೆ ಅನ್ನುತ್ತಾರಲ್ಲ, ಅದು ಇದೇ. ಬೆನ್ನ ಹಿಂದೆ ಬೋರಲಿಂಗಯ್ಯನವರ ಕುರ್ಚಿ ಕಿರ್ರೆಂದಿತು. “ಮೇಡಮ್ಮೋರೆ, ಏನಂದ್ರಿ?” ಪಿಸುಗುಟ್ಟಿದರು. “ಹ ಅಲ್ವಾ? ಹ ಅನ್ರೀ!” ಅವರೇ ಜೋರಾಗಿ ಹೇಳುವಂತಿರಲಿಲ್ಲ, ಓದುವವರ ದನಿ ಬಿಟ್ಟು ಬೇರೆ ದನಿ ಕೇಳಿದರೆ ಒತ್ತುವವರು ಎದ್ದು ಹೋಗಬೇಕು ಅಂತ ಅವರೇ ಬರೆದ ನಿಯಮ. ಮೂರನೆಯ ಸಲ ಹೇಳಲೇಬೇಕು. ಹೇಳಿದೆ. ಮೂರನೆಯದೂ ‘ಅ’.

ಹಾಲ್‌ನಲ್ಲಿ ಯಾರೋ ಕಣ್ಣು ಗಟ್ಟಿಯಾಗಿ ತೆರೆದು ಹಿಡಿದುಕೊಂಡರು, ಮುಚ್ಚಿಹೋಗದಿರಲಿ ಅಂತ ಇರಬೇಕು. ಇನ್ನೇನು ಅವಳು ಗೋಡೆ ಕುಟ್ಟುತ್ತಾಳೆ. ‘ಒತ್ತು’ ಅನ್ನದಿದ್ದರೆ ಆಯಿತು ಅಂತ ನಿಮಗೆ ಅನಿಸಬಹುದು. ನನಗದು ಹೊಳೆಯಲೂ ಇಲ್ಲ. ಊರು ಮುಚ್ಚಿಹೋಗುವ ಭಯವೂ ಆಗಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ: ಅವಳು ಕೇಳಿಸಿಕೊಂಡಳು. ನಾನು ಅವಳನ್ನು ಯಾವುದಕ್ಕಾಗಿ ಜನರ ಮುಂದೆ ಕೊಂದೆನೋ ಅದೇ ನನ್ನ ಬಾಯಲ್ಲಿ ಮೂರು ಸಲ ಬಂದದ್ದನ್ನು ಅವಳು ಕೇಳಿಸಿಕೊಂಡಳು. ನಗಲಿ, ನಕ್ಕರೆ ನಗಲಿ.

ಗೋಡೆ ಕುಟ್ಟಿದ ಸದ್ದು ಬರಲಿಲ್ಲ. ತೂತಿನಲ್ಲಿ ವೈರು ಸ್ವಲ್ಪ ಅಲ್ಲಾಡಿತು. ಆಮೇಲೆ ದನಿ ಬಂತು, ಆರು ವರ್ಷ ಗೋಡೆಯಾಚೆಯಿಂದ ಮಾತ್ರ ಕೇಳುತ್ತಿದ್ದ ದನಿ, ಈಗಲೂ ಗೋಡೆಯಾಚೆಯಿಂದಲೇ, ಆದರೆ ನನಗೆ.

“ಯಾವ ಅ ಅಕ್ಕಯ್ಯಾ? ಉಣ್ಣೋ ಅಕ್ಕಿದೋ, ಆರೋ ಅಕ್ಕಿದೋ?”

ನಾನು ತೂತಿನ ಪಕ್ಕದ ಗೋಡೆಗೆ ಹಣೆ ಆನಿಸಿದೆ. ಉತ್ತರ ಹೇಳಲು ನಿಯಮದಲ್ಲಿ ಅವಕಾಶವಿರಲಿಲ್ಲ. ಹಿಂದೆ ಇಡೀ ಊರು ಕೂತಿತ್ತು, ನನ್ನ ವಿದ್ಯಾರ್ಥಿಗಳಿದ್ದರು, ಅವತ್ತು ಆ ಹಾಳೆ ಓದಿ ನಕ್ಕ ಬೋರಲಿಂಗಯ್ಯನವರಿದ್ದರು. ಅಂಗೈಯನ್ನು ಬಾಯಿಂದ ತೆಗೆದೆ.

“ಆರೋ ಅಕ್ಕಿದು ಕಣೇ ಒಂಬಾಳಿ,” ಅಂದೆ. “ಆರೋ ಅಕ್ಕಿದು.”

“ಅಂಗನ್ನು ಮತ್ತೆ,” ಅಂದಳು. ಗೋಡೆಗೆ ಒಂದು ಸಲ ಕುಟ್ಟಿದಳು.

“ಒತ್ತು.”

ಒತ್ತಿದಳು. ಬಲಗೈ ತೋರುಬೆರಳು, ಸದ್ದಿನಲ್ಲೇ ಗೊತ್ತಾಗುತ್ತದೆ ನನಗೆ. ಯಾರ ಕಣ್ಣೂ ಮುಚ್ಚಲಿಲ್ಲ. ಎಲ್ಲರೂ ಬೀದಿಗೆ ಓಡಿದರು, ವಾಚನಾಲಯದ ಕಡೆ ಕೆಲವರು, ಹೊಲಿಗೆ ಕೇಂದ್ರದ ಕಡೆ ಹೆಂಗಸರು, ಇಸ್ತ್ರಿ ಶರ್ಟು ಹಾಕಿಕೊಂಡು ಅದೇ ತಾನೇ ಬರುತ್ತಿದ್ದ ಪಾರ್ಶ್ವನಾಥಯ್ಯ ಬಂದ ದಾರಿಯಲ್ಲೇ ಟಾಕೀಸಿನ ಕಡೆ. ಎಲ್ಲ ಬೀಗಗಳೂ ಇದ್ದಲ್ಲೇ ಇದ್ದವು. ತೆರೆದದ್ದು ಏನು ಅಂತ ಅರ್ಧ ಗಂಟೆಯ ಮೇಲೆ ತಿಳಿಯಿತು. ಪೈಪಿಗಾಗಿ ಅಗೆದು ಎರಡು ವರ್ಷ ಹಾಗೇ ಬಿಟ್ಟಿದ್ದ ಗುಂಡಿಯೊಂದು ನಮ್ಮ ಬೀದಿಯ ತಿರುವಿನಲ್ಲಿತ್ತು. ಬೋರಲಿಂಗಯ್ಯನವರು ಅರ್ಜಿ ಮೇಲೆ ಅರ್ಜಿ ಬರೆದು, ಕೊನೆಗೆ ತಾವೇ ನಿಂತು ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಮುಚ್ಚಿಸಿ, ಕೈಕಾಲು ತೊಳೆದುಕೊಂಡು ಸಭೆಗೆ ಬಂದಿದ್ದರು. ಅದು ಮತ್ತೆ ಬಾಯಿ ತೆರೆದುಕೊಂಡು ಕೂತಿತ್ತು, ಸರಿಯಾಗಿ ಆ ತಿರುವಿನಲ್ಲೇ ಇರುವ ಅವರ ಮನೆ ಬಾಗಿಲಿಗೆ. ನನ್ನ ಲೆಕ್ಕ ತಪ್ಪಿದ್ದು ಐದೇ ನಿಮಿಷದಲ್ಲಿ. ಇನ್ನೊಂದು ಸಾಲು ಯಾರೂ ಒತ್ತದೆ ಹನ್ನೆರಡಕ್ಕೆ ತಾನಾಗಿಯೇ ಹೋಯಿತು.

ಸಂಜೆ ಕಮಿಟಿ ಸೇರಿ ನಮ್ಮಿಬ್ಬರನ್ನೂ ಕೆಲಸದಿಂದ ತೆಗೆಯಿತು. ಗುಂಡಿಯ ಸಿಟ್ಟು ಅಂತ ಜನ ಅಂದುಕೊಂಡರು. ಬೋರಲಿಂಗಯ್ಯನವರು ಕೊಟ್ಟ ಕಾರಣ ಬೇರೆ. “ಈಗ ಅಕ್ಕ ತಂಗಿ ಮಾತಾಡ್ತಾರೆ ಕಣ್ರಪ್ಪಾ. ಅದೂ ನಮಗೆ ಅರ್ಥವಾಗದ ಭಾಷೇಲಿ. ಹೆಂಗೆ ನಂಬೋದು?” ಹೇಳುವಾಗ ಅವರ ಮುಖದಲ್ಲಿ ನಗುವಿತ್ತು, ಆದರೆ ಅವತ್ತಿನ ಆ ನಗುವಲ್ಲ. ನಮ್ಮಿಬ್ಬರ ಜಾಗಕ್ಕೆ ಮಾತು ಬಿಟ್ಟ ಇನ್ನಿಬ್ಬರು ಬೇಕಲ್ಲ, ಅದಕ್ಕೇನು, ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ ಇಬ್ಬರೂ ಮನೆ ಕಡೆ ನಡೆದೆವು. ಕ್ಷಮೆಯನ್ನು ಮೂರನೆಯ ಸಲ ಕೇಳಬೇಕೆಂದು ವಾಕ್ಯ ಜೋಡಿಸುತ್ತಿದ್ದೆ, ನೆಲ ನೋಡದೆ ನಡೆಯುತ್ತಿದ್ದೆ. ತಿರುವಿನ ಹತ್ತಿರ ಅವಳು ನನ್ನ ರಟ್ಟೆ ಹಿಡಿದು ಎಳೆದಳು.

“ಉಸಾರು ಅಕ್ಕಯ್ಯ, ಅಳ್ಳ ಐತೆ!”

ನಾನು ಅವಳ ಕೈ ಬಿಡದೆ ಅಳ್ಳ ದಾಟಿದೆ.